ಮರಿಬಸಪ್ಪ ಲೂಪು ಹಾಕಲು ಕಲಿತದ್ದು

ಮೊದಲೇ ಒಪ್ಪಿಕೊಳ್ಳುತ್ತೇನೆ, ಮರಿಬಸಪ್ಪನಿಗೆ ಅಂಚೆ ಕಾರ್ಡಿನಲ್ಲಿ ಬರಿ ಎಂದವನು ನಾನೇ. ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದರೆ ಮಡಿಸಿ, ಅಂಟಿಸಿ ಕಳಿಸುತ್ತಿದ್ದ, ಕುರುಗೋಡಿನಲ್ಲಿ ಯಾರ ಹೆಸರಿಗೆ ಹೋಗಿತ್ತೋ ಅವರಷ್ಟೇ ಓದಿಕೊಳ್ಳುತ್ತಿದ್ದರು. ಆದರೆ ಆ ದಿನ ನನ್ನ ಮೇಜಿನ ಖಾನೆಯಲ್ಲಿ ಇದ್ದದ್ದು ಒಂದು ಕಾರ್ಡು. ಗೆಳೆಯನ ಮದುವೆಗೆ ನಾನು ಕೊಟ್ಟ ಮೊದಲ ಉಡುಗೊರೆ ಅದು. ಅದರಿಂದ ಆದದ್ದಕ್ಕೆಲ್ಲ ಈ ಕೊಟ್ಟೂರಪ್ಪ ಹೊಣೆಯಲ್ಲ ಎಂದು ಹನ್ನೆರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಎಪ್ಪತ್ತಾರನೇ ಇಸವಿಯ ಮಾತು. ಸಿರುಗುಪ್ಪದ ಕಾಲುವೆ ಆಫೀಸಿನಲ್ಲಿ ನಾನೂ ಮರಿಬಸಪ್ಪನೂ ಎದುರುಬದುರು ಕೂರುವ ಗುಮಾಸ್ತರು. ಯಾವ ಊರಿನ ಗದ್ದೆಗೆ ಯಾವ ದಿನ ನೀರು ಎಂಬ ಸರತಿಯ ಪಟ್ಟಿ ಬರೆಯುವುದು ನಮ್ಮಿಬ್ಬರ ಕೆಲಸ. ನಾನು ಬರೆಯುತ್ತಿದ್ದೆ, ಅವನು ಕಿಟಕಿಯಿಂದ ಕಾಲುವೆ ನೋಡುತ್ತಿದ್ದ. ನನ್ನ ಪಟ್ಟಿಯಲ್ಲಿ ಕೆಲವು ಸಲ ಒಂದೇ ದಿನ ಎರಡು ಊರಿಗೆ ನೀರು ಬರುತ್ತಿತ್ತು, ಕಾಲುವೆಯ ತುದಿಯಲ್ಲಿದ್ದ ಹಚ್ಚೊಳ್ಳಿಯ ಹೆಸರು ಬಿಟ್ಟೇ ಹೋಗುತ್ತಿತ್ತು. ಹಚ್ಚೊಳ್ಳಿಯವರು ಟ್ರ್ಯಾಕ್ಟರು ತುಂಬಿಕೊಂಡು ಬಂದು ನನ್ನನ್ನು ಕೇಳುವಷ್ಟು ಕೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಮರಿಬಸಪ್ಪ ಮೆಲ್ಲಗೆ ಹೇಳುತ್ತಿದ್ದ: "ಇದನ್ನ ಮನುಷ್ಯಾರು ಮಾಡಬಾರದಲೇ ಕೊಟ್ಟೂರ. ಕಂಪ್ಯೂಟರ್ ಮಾಡಬೇಕು."

ಕಂಪ್ಯೂಟರ್ ಎಂಬುದನ್ನು ನಾವಿಬ್ಬರೂ ನೋಡಿರಲಿಲ್ಲ. ಪೇಪರಿನಲ್ಲಿ ಒಂದು ಜಾಹೀರಾತು ಬಂದಿತ್ತು. ಹೈದರಾಬಾದಿನ ಒಂದು ಸಂಸ್ಥೆಯವರು ಅಂಚೆಯ ಮೂಲಕ ಪ್ರೋಗ್ರಾಮಿಂಗ್ ಕಲಿಸುತ್ತಾರಂತೆ. ಪಾಠ ಅಂಚೆಯಲ್ಲಿ ಬರುತ್ತದೆ, ನಾವು ಚೌಕುಳಿ ಹಾಳೆಯ ಮೇಲೆ ಪ್ರೋಗ್ರಾಂ ಬರೆದು ಕಳಿಸಬೇಕು, ಅವರು ಅಲ್ಲಿ ಅದನ್ನು ಕಂಪ್ಯೂಟರಿಗೆ ಉಣಿಸಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ತಿರುಗಿ ಕಳಿಸುತ್ತಾರೆ. ಮರಿಬಸಪ್ಪ ಸೇರಿಬಿಟ್ಟ.

ಅಲ್ಲಿಂದ ಮುಂದೆ ಅವನು ಸಿರುಗುಪ್ಪದಲ್ಲಿ ಇದ್ದೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಾಲುವೆ ದಂಡೆಯ ಜಾಲಿ ನೆರಳಿನಲ್ಲಿ ಮಲಗಿ ಕನಸು ಕಾಣುತ್ತಿದ್ದ. ಆ ಕನಸಿನ ಕಂಪ್ಯೂಟರ್ ಒಬ್ಬ ಹಿರಿಯರು. ಬಿಳಿ ಬಟ್ಟೆ ಉಟ್ಟು ತಣ್ಣನೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಬೇಸರವಿಲ್ಲ, ಸಿಟ್ಟಿಲ್ಲ. ಹೇಳಿದ್ದಷ್ಟನ್ನೇ ಮಾಡುತ್ತಾರೆ. ಅವರು ಬೆರಳೆತ್ತಿದ ಕಡೆ ನೀರು ತಿರುಗುತ್ತದೆ, ಮರಿಬಸಪ್ಪ ಆ ನೀರಿನ ಜೊತೆ ತೇಲುತ್ತ ಭತ್ತದ ಹಸಿರಿನೊಳಗೆ ಸಾಗಿ ಹಚ್ಚೊಳ್ಳಿಯ ಕಡೇ ಗದ್ದೆ ಮುಟ್ಟುತ್ತಾನೆ. ಅಲ್ಲಿ ಬದುವಿನ ಮೇಲೆ ಸುವರ್ಣಮ್ಮ ನಿಂತಿರುತ್ತಾಳೆ. ಹಚ್ಚೊಳ್ಳಿಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಅವಳು ಕುರುಗೋಡಿನ ದೊಡ್ಡಬಸಪ್ಪನವರ ಮಗಳು, ಇವನಿಗೆ ನಿಶ್ಚಯವಾದ ಹುಡುಗಿ. ಕನಸಿಗೆ ಬಸ್ಸಿನ ದಾರಿ ತಿಳಿಯದು.

ಆರನೇ ಪಾಠದ ಹೆಸರು ಲೂಪು. ಒಂದೇ ಕೆಲಸವನ್ನು ಬೇಕಾದಷ್ಟು ಸಲ ಸುತ್ತಿ ಸುತ್ತಿ ಮಾಡಿಸುವ ಬರಹಕ್ಕೆ ಆ ವಿದ್ಯೆಯಲ್ಲಿ ಲೂಪು ಎನ್ನುತ್ತಾರೆ. ಇವನು ಅದನ್ನು ಕಲಿತ ಖುಷಿಯಲ್ಲಿ ಮಾವನಿಗೆ ತಿಳಿಸದೆ ಇರಲಾರದೆ ನನ್ನ ಹತ್ತಿರ ಇನ್‌ಲ್ಯಾಂಡ್ ಲೆಟರು ಕೇಳಿದ, ನಾನು ಕಾರ್ಡಿನಲ್ಲೇ ಬರಿ ಎಂದೆ. ಬರೆದದ್ದು ಇಷ್ಟು:

"ಪೂಜ್ಯ ಮಾವನವರಿಗೆ ಶರಣಾರ್ಥಿ. ನಾನು ಕ್ಷೇಮ. ಈ ತಿಂಗಳು ಲೂಪು ಹಾಕುವುದನ್ನು ಕಲಿತೆ. ಮೊದಮೊದಲು ಕೈ ನಡುಗುತ್ತಿತ್ತು. ಈಗ ಒಂದು ಲೂಪಿನೊಳಗೆ ಇನ್ನೊಂದು ಲೂಪನ್ನೂ ಹಾಕಬಲ್ಲೆ. ಈವರೆಗೆ ನಲವತ್ತೆರಡು ಹಾಕಿದ್ದೇನೆ. ಮದುವೆಯೊಳಗೆ ನೂರು ಮುಗಿಸುವ ಆಸೆ. ಆಮೇಲೆ ಚಿ. ಕುಂ. ಸೌ. ಸುವರ್ಣಳಿಗೂ ಕಲಿಸುವೆ."

ಆ ಕಾಲವನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಅದೇ ಹೆಸರಿನ ಇನ್ನೊಂದು ವಸ್ತು ಹತ್ತು ವರ್ಷ ಮೊದಲೇ ಬಂದು ಮನೆಮಾತಾಗಿತ್ತು. ಮಕ್ಕಳಾಗದಿರಲೆಂದು ಆಸ್ಪತ್ರೆಯ ನರ್ಸಮ್ಮಗಳು ಹೆಂಗಸರಿಗೆ ಹಾಕುವ ಲೂಪು ಅದು. ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ, ಕುಟುಂಬ ಯೋಜನೆಯ ಜೀಪಿನ ಸದ್ದಾದರೆ ಊರಿಗೆ ಊರೇ ಜೋಳದ ಹೊಲ ಸೇರುತ್ತಿದ್ದ ದಿನಗಳು. ಇದು ನಿನಗೆ ಹೊಳೆಯಲಿಲ್ಲವೇ ಎಂದು ಕೇಳಬಹುದು. ನಾನು ಆಗ ಬ್ರಹ್ಮಚಾರಿ, ನನಗೆ ಏನೂ ಹೊಳೆಯುತ್ತಿರಲಿಲ್ಲ.

ಕಾರ್ಡು ಸಿರುಗುಪ್ಪದ ಅಂಚೆ ಡಬ್ಬಿಯಿಂದ ಹೊರಬಂದ ಕೂಡಲೇ ಒಬ್ಬರು ಓದಿದರು. ಅವರು ಇನ್ನೊಬ್ಬರಿಗೆ ಹೇಳಿದರು. ಕಾರ್ಡು ಬಳ್ಳಾರಿ ಬಸ್ಸು ಹತ್ತುವ ಹೊತ್ತಿಗೆ ಮರಿಬಸಪ್ಪನ ಓಣಿಯ ಹೆಂಗಸರು ಅವನ ಮನೆ ಮುಂದಿನ ನಲ್ಲಿಗೆ ನೀರಿಗೆ ಬರುವುದನ್ನು ಬಿಟ್ಟಿದ್ದರು.

ಕುರುಗೋಡಿನಲ್ಲಿ ಅದನ್ನು ಓದಿದವನು ಪೋಸ್ಟ್‌ಮನ್ ಅಂಜಿನಪ್ಪ. ಕಾಗದದಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ತಲುಪಿಸುವುದು ಅವನ ವ್ರತ. ದೊಡ್ಡಬಸಪ್ಪನವರ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದ. ದೊಡ್ಡಬಸಪ್ಪನವರ ಕೈಯಲ್ಲಿದ್ದ ಚಾ ಹಾಗೇ ನಿಂತಿತು. ಅವರ ತಾಯಿ ಅಕ್ಕನಾಗಮ್ಮನಿಗೆ ಕಿವಿ ಸ್ವಲ್ಪ ಮಂದ.

"ಎಷ್ಟಂದಿ?"

"ನಲವತ್ತೆರಡಮ್ಮಾ."

"ಒಂದರಾಗ ಇನ್ನೊಂದಾ?"

"ಹಂಗ ಬರದಾನ. ನಾನೇನು ಕೂಡಿಸಿಲ್ಲ."

"ಶಿವಶಿವಾ! ಆ ಹೆಣ್ಣಮಕ್ಕಳು ಜೀವಂತ ಅದಾವೇನಪಾ?"

ಎರಡನೇ ಸಲ ಅಂಜಿನಪ್ಪ ಬೀದಿಗೆ ಕೇಳುವ ಹಾಗೆ ಓದಬೇಕಾಯಿತು. ಬೀದಿಗೆ ಕೇಳಿಸಿತು. ಸುವರ್ಣಮ್ಮ ಮಾತ್ರ ಅಡಿಗೆಮನೆಯಿಂದ ಬಂದು ಕಾರ್ಡು ಇಸಿದುಕೊಂಡು ತಾನೇ ಓದಿದಳು. "ಅಕ್ಷರ ಚಂದ ಅದಾವ" ಎಂದು ಒಳಗೆ ಹೋದಳು. ಕಾರ್ಡನ್ನು ವಾಪಸು ಕೊಡಲಿಲ್ಲ.

ಮರುದಿನವೇ ದೊಡ್ಡಬಸಪ್ಪನವರು ಸಿರುಗುಪ್ಪಕ್ಕೆ ಬಂದಿಳಿದರು. ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ. ಸಂಬಂಧ ಮುರಿಯಲು ಹೋಗುವಾಗಲೂ ಬರಿಗೈಯಲ್ಲಿ ಹೋಗುವ ಜನವಲ್ಲ ಅವರು. ಮೊದಲು ಮರಿಬಸಪ್ಪನ ಮನೆಯ ಒಡತಿ ಹೊನ್ನೂರಮ್ಮನನ್ನು ಮರೆಗೆ ಕರೆದು ವಿಚಾರಿಸಿದರು.

"ಹುಡುಗ ಹೆಂಗಮ್ಮಾ?"

"ಭಾಳ ಒಳ್ಳ್ಯಾವ ಇದ್ದ್ರಿ ಯಪ್ಪಾ. ಈಗ ಏನೋ ಹೊಕ್ಕೈತಿ. ಹಗಲ ಮಲಗಿದಲ್ಲೇ ಚೀರ್ತಾನ, 'ಲೂಪಿನಾಗ ಸಿಕ್ಕೊಂಡೈತಿ, ಹೊರಗ ಬರವಲ್ದು' ಅಂತ. ನನ್ನ ಸೊಸೀನ ತೌರಿಗೆ ಕಳಿಸಿಬಿಟ್ಟೀನಿ."

ಅಷ್ಟರಲ್ಲಿ ಓಣಿಗೆ ಜೀಪು ಬಂತು. ಓಣಿ ಖಾಲಿಯಾಯಿತು. ಜೀಪಿನಿಂದ ಇಳಿದವರು ಕುಟುಂಬ ಯೋಜನೆಯ ಇನ್‌ಸ್ಪೆಕ್ಟರ್ ಎರ್ರೆಪ್ಪನವರು, ಕೈಯಲ್ಲಿ ಚೆಂಡುಹೂವಿನ ಹಾರ. ಅವರಿಗೆ ಮೇಲಿನವರು ತಿಂಗಳಿಗೆ ಇಷ್ಟು ಲೂಪು ಎಂದು ಒಂದು ಗುರಿ ಕೊಟ್ಟಿದ್ದರು. ಆ ಗುರಿಯನ್ನು ನೆನೆದು ಅವರು ಸೊರಗಿ ಅರ್ಧವಾಗಿದ್ದರು. ಸಿರುಗುಪ್ಪದ ಒಬ್ಬ ಗುಮಾಸ್ತ ತಾನಾಗಿಯೇ ಲೂಪು ಹಾಕುತ್ತಿದ್ದಾನೆ ಎಂಬ ಸುದ್ದಿ ಕೇಳಿ ಅವರ ಕಣ್ಣಲ್ಲಿ ನೀರು ಬಂದಿತ್ತಂತೆ.

ನಾನು ಒಳಗೆ ಮರಿಬಸಪ್ಪನ ಚಾಪೆಯ ಮೇಲೆ ಕೂತಿದ್ದೆ. ಎರ್ರೆಪ್ಪನವರು ಮರಿಬಸಪ್ಪನ ಕೊರಳಿಗೆ ಹಾರ ಹಾಕಿ ಕೈ ಹಿಡಿದುಕೊಂಡರು.

"ನಲವತ್ತೆರಡು ಅಂತ ಕೇಳೀನಿ, ಖರೇನ?"

"ಇವತ್ತಿಗೆ ನಲವತ್ತಾರಾತ್ರಿ" ಎಂದ ಮರಿಬಸಪ್ಪ. ತನ್ನ ವಿದ್ಯೆ ಸರ್ಕಾರದವರೆಗೂ ಮುಟ್ಟಿತಲ್ಲ ಎಂದು ಅವನ ಮುಖ ಅರಳಿತ್ತು.

"ಚಾಲಾ ಬಾಗುಂದಿ! ಭಾಳ ಚಲೋ ಆತು! ನಮ್ಮ ಮಂದಿ ಎಲ್ಲಾರೂ ಕೂಡಿ ಮೂರು ಆಗಿಲ್ಲ. ಎಲ್ಲಿ ಹಾಕ್ತೀರಿ?"

"ಇಲ್ಲೇರಿ, ಈ ಚಾಪಿ ಮ್ಯಾಲ. ಬಿಡುವಾದ್ರ ಆಫೀಸಿನಾಗೂ ಒಂದೆರಡು."

ಎರ್ರೆಪ್ಪನವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆಫೀಸಿನಲ್ಲಿ ಹಾಕಿದ್ದಕ್ಕೆ ನಾನೇ ಸಾಕ್ಷಿ.

"ಯಾರಿಗೂ ತ್ರಾಸ ಆಗಲಿಲ್ಲೇನು?"

"ಹನ್ನೊಂದು ಕೆಟ್ಟಿದ್ದುವ್ರಿ. ಹೈದರಾಬಾದಿಗೆ ಕಳಿಸಿದ್ದೆ. ಕೆಂಪು ಮಾಡಿ ತಿರುಗಿ ಕಳಿಸಿದ್ರು."

"ಹೈದರಾಬಾದಿಗಾ? ಹೆಂಗ ಕಳಿಸಿದ್ರಿ?"

"ಬುಕ್ ಪೋಸ್ಟಿನಾಗ್ರಿ."

ಹೊರಗೆ ಡಬ್ಬಿ ಬಿದ್ದ ಸದ್ದಾಯಿತು. ಶೇಂಗಾ ಉಂಡೆಗಳು ಒಂದೊಂದಾಗಿ ಹೊಸ್ತಿಲು ದಾಟಿ ಉರುಳಿಬಂದವು. ಅವುಗಳ ಹಿಂದೆ ದೊಡ್ಡಬಸಪ್ಪನವರು ಬಂದರು.

"ಮಾವಾರ! ಬರ್ರಿ ಬರ್ರಿ, ಕುಂದರ್ರಿ" ಎಂದು ಮರಿಬಸಪ್ಪ ಹಾರ ಹಾಕಿಕೊಂಡೇ ಕಾಲಿಗೆ ಬೀಳಲು ಹೋದ.

"ಮಾವ ಅನಬ್ಯಾಡ್ರಿ ನನ್ನ! ಭಾನುವಾರ ಕುರುಗೋಡಿಗೆ ಬರ್ರಿ. ಹಿರೇರ ಮುಂದ ಒಂದ ಮಾತು ಹೇಳ್ರಿ. ಲೂಪು ಬಿಡ್ತೀರೋ, ಹುಡುಗೀನ ಬಿಡ್ತೀರೋ."

ಅವರು ಹೋದ ಮೇಲೆ ಎರ್ರೆಪ್ಪನವರಿಗೂ ನನಗೂ ನಿಧಾನವಾಗಿ ಬೆಳಕಾಯಿತು. ಮರಿಬಸಪ್ಪ ಚೌಕುಳಿ ಹಾಳೆ ತೆಗೆದು ತೋರಿಸಿದಾಗ ಎರ್ರೆಪ್ಪನವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹಾರವನ್ನು ವಾಪಸು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೆಳೆಯನ ಮುಖ ನೋಡಿದ ಮೇಲೆ ನಗು ನಿಂತಿತು. ಅವನು ನಾಚಿ ಕಪ್ಪಾಗಿದ್ದ.

ಅದೇ ವಾರ ಹೈದರಾಬಾದಿನಿಂದಲೂ ಕಾಗದ ಬಂತು. ಸರತಿಯ ಪಟ್ಟಿ ಮಾಡಲು ಅವನು ಬರೆದ ಪ್ರೋಗ್ರಾಂ ನಾಲ್ಕನೇ ಸಲ ತಿರುಗಿ ಬಂದಿತ್ತು. ಕೆಂಪು ಶಾಯಿಯಲ್ಲಿ ಒಂದು ಸಾಲು: "ನಿಮ್ಮ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಇನ್ನೊಂದು ಸಲ ಹೀಗಾದರೆ ನಿಮ್ಮ ಹೆಸರು ತೆಗೆಯಲಾಗುವುದು." ಯಾಕೆ ನಿಲ್ಲುವುದಿಲ್ಲ ಎಂದು ಅವರು ಹೇಳಿರಲಿಲ್ಲ, ಇವನಿಗೆ ತಿಳಿಯಲಿಲ್ಲ. ವಿದ್ಯೆಯೂ ಹೋಗುವಂತಿತ್ತು, ಹುಡುಗಿಯೂ ಹೋಗುವಂತಿದ್ದಳು. ಕಾಲುವೆ ದಂಡೆಯಲ್ಲಿ ಮಲಗಿದವನು ಈಗ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ. "ಬಿಳೀ ಬಟ್ಟಿ ಹಿರೇರು ಬರವಲ್ರಲೇ ಕೊಟ್ಟೂರ" ಎಂದ ಒಂದು ದಿನ. ನನಗೆ ಬಹಳ ಕೆಟ್ಟದೆನಿಸಿತು. ಕಾರ್ಡು ನನ್ನದಾಗಿತ್ತಲ್ಲ.

ಭಾನುವಾರ ಇಬ್ಬರೂ ಕುರುಗೋಡಿಗೆ ಹೋದೆವು. ಬಂಡೆಗುಡ್ಡದ ಕೆಳಗಿನ ಮನೆ, ಅಂಗಳದ ನಡುವೆ ಬೇವಿನ ಗಿಡ. ಕಂಬಳಿಯ ಮೇಲೆ ಹಿರಿಯರು ಕೂತಿದ್ದರು. ಕಾಂಪೌಂಡಿನ ಆಚೆ ಕೂತವರನ್ನೂ ಸೇರಿಸಿದರೆ ಊರೇ ಇತ್ತು. ಮರಿಬಸಪ್ಪ ಎದ್ದು ನಿಂತು ಹಾಳೆ ಎತ್ತಿ ಹಿಡಿದ.

"ಇದು ಬ್ಯಾರೆ ಲೂಪ್ರಿ. ಕಾಗದದಾಗಿಂದು. ಯಾರ ಮೈಗೂ ಸಂಬಂಧ ಇಲ್ರಿ."

ಯಾರೂ ನಂಬಲಿಲ್ಲ. ದೊಡ್ಡಬಸಪ್ಪನವರು ನೆಲ ನೋಡುತ್ತಿದ್ದರು. ಆಗ ಅಕ್ಕನಾಗಮ್ಮ ಕೋಲು ಕುಟ್ಟಿದಳು.

"ಮಾತು ಸಾಕು. ಹಾಕಿ ತೋರಸು. ಇಲ್ಲೇ, ಎಲ್ಲಾರ ಮುಂದ."

ಹೆಂಗಸರೆಲ್ಲ ಸೆರಗು ಮುಖಕ್ಕೆ ಹಿಡಿದು ಗೋಡೆ ಕಡೆ ತಿರುಗಿದರು. ಒಬ್ಬ ಹಿರಿಯರು ಎದ್ದು ಹೊರಟೇಬಿಟ್ಟರು, ಆದರೆ ಬಾಗಿಲಲ್ಲೇ ನಿಂತರು.

"ನನಗ ಹೇಳಿದ್ದಷ್ಟ ಮಾಡೋರು ಒಬ್ಬರು ಬೇಕ್ರಿ" ಎಂದ ಮರಿಬಸಪ್ಪ. "ತಮ್ಮ ಬುದ್ಧಿ ಒಂಚೂರೂ ಖರ್ಚು ಮಾಡಬಾರದು. ಕಾಗದದಾಗ ಇದ್ದಂಗ ನಡೀಬೇಕು."

ಎಲ್ಲರ ಕಣ್ಣೂ ಒಟ್ಟಿಗೆ ಅಂಜಿನಪ್ಪನ ಕಡೆ ತಿರುಗಿದವು. ಅವನು ಹೆಮ್ಮೆಯಿಂದ ಎದ್ದು ಚಪ್ಪಲಿ ಬಿಟ್ಟು ಮುಂದೆ ಬಂದ. ಮರಿಬಸಪ್ಪ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಪೆನ್ಸಿಲ್ ಸಮೇತ ಅವನ ಕೈಗೆ ಕೊಟ್ಟ. ಅಂಜಿನಪ್ಪ ಗಟ್ಟಿಯಾಗಿ ಓದಿದ:

"ಲೆಕ್ಕ ಸೊನ್ನೆ. ಬೇವಿನ ಗಿಡಕ್ಕೆ ಒಂದು ಸುತ್ತು ಹಾಕು. ಲೆಕ್ಕ ಐದಾಗಿದ್ದರೆ ಕೂತುಕೋ. ಇಲ್ಲದಿದ್ದರೆ ಮತ್ತೆ ಗಿಡ ಸುತ್ತು."

ಅಂಜಿನಪ್ಪ ಸುತ್ತತೊಡಗಿದ. ಒಂದು ಸುತ್ತು, ಚೀಟಿ ನೋಡಿದ. ಎರಡು, ನೋಡಿದ. ಐದಾಯಿತು. ಜನ ಕೈ ತಟ್ಟಲು ಸಜ್ಜಾದರು. ಅಂಜಿನಪ್ಪ ಚೀಟಿ ನೋಡಿ ಆರನೇ ಸುತ್ತಿಗೆ ಹೊರಟ. ಹತ್ತಾಯಿತು. ಹದಿನೈದಾಯಿತು. ಬಿಸಿಲು ಚುರುಗುಟ್ಟುತ್ತಿತ್ತು, ಅವನ ಖಾಕಿ ಅಂಗಿ ಬೆನ್ನಿಗೆ ಅಂಟಿತು.

"ಅಂಜಿನಪ್ಪಾ, ಐದು ಎಂದೋ ಆತು, ಕುಂದ್ರೋ" ಎಂದರು ದೊಡ್ಡಬಸಪ್ಪನವರು.

"ಕಾಗದದಾಗ ಲೆಕ್ಕ ಸೊನ್ನಿ ಅಂತ ಐತ್ರಿ" ಎಂದ ಅಂಜಿನಪ್ಪ, ನಡೆಯುತ್ತಲೇ. "ನಾ ನೂರು ಸುತ್ತಿದ್ರೂ ಕಾಗದಕ್ಕ ಸೊನ್ನಿನ. ಬರದಿದ್ದನ್ನ ಬಿಟ್ಟು ನಡದಾವಲ್ಲ ನಾನು."

ಮರಿಬಸಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಹೈದರಾಬಾದಿನ ತಣ್ಣನೆಯ ಕೋಣೆಯಲ್ಲಿ ನಾಲ್ಕು ಸಲ ಆದದ್ದು ಈಗ ಅವನ ಕಣ್ಣ ಮುಂದೆ ಖಾಕಿ ಹಾಕಿಕೊಂಡು ತಿರುಗುತ್ತಿತ್ತು. ನಿಲ್ಲುತ್ತಿಲ್ಲ ಎಂಬುದು ಕಾಣುತ್ತಿತ್ತು, ಯಾಕೆ ಎಂಬುದು ಇನ್ನೂ ಕಾಣಲೊಲ್ಲದು. ಹಿರಿಯರಲ್ಲಿ ಒಬ್ಬರು ಆಗಲೇ ಮಾಟದ ಮಾತು ಎತ್ತಿದ್ದರು.

ಅಡಿಗೆಮನೆಯ ಬಾಗಿಲಲ್ಲಿ ಸುವರ್ಣಮ್ಮ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಒಂದು ಸುತ್ತಾದ ಮ್ಯಾಲ ಲೆಕ್ಕಕ್ಕ ಒಂದು ಕೂಡಸು ಅಂತ ಎಲ್ಲಿ ಬರದೀರಿ?" ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು. ಅಂಜಿನಪ್ಪ ಮಾತ್ರ ಸುತ್ತುತ್ತಲೇ ಇದ್ದ.

"ರೊಟ್ಟಿ ಬಡಿಯಾಗ ನಾನು ಉಂಡಿ ಎಣಿಸಿ ಇಟ್ಟಿರ್ತೀನಿ. ಒಂದು ಬಡದ್ರ ಒಂದು ಉಂಡಿ ಕಡಿಮಿ ಆಗತೈತಿ. ಉಂಡಿ ಮುಗದ್ರ ಒಲಿ ಆರಸ್ತೀನಿ. ನೀವು ಬಡಿ ಅಂತ ಬರದೀರಿ, ಮುಗದ್ರ ಆರಸು ಅಂತ ಬರದೀರಿ. ಎಣಸಾದ ಬರದಿಲ್ಲ. ಪಾಪ ಅವರು ಹೆಂಗ ನಿಲ್ಲಬೇಕ್ರಿ?"

ಮರಿಬಸಪ್ಪ ಓಡಿಹೋಗಿ, ಅಂಜಿನಪ್ಪನ ಜೊತೆ ಅರ್ಧ ಸುತ್ತು ತಾನೂ ಸುತ್ತಿ, ಚೀಟಿ ಕಸಿದುಕೊಂಡು ನಡುವೆ ಒಂದು ಸಾಲು ತುರುಕಿದ: "ಲೆಕ್ಕಕ್ಕೆ ಒಂದು ಕೂಡಿಸು." ಅಂಜಿನಪ್ಪ ಮೊದಲಿನಿಂದ ಶುರು ಮಾಡಿದ. ಸುತ್ತಿಗೊಮ್ಮೆ ಪೆನ್ಸಿಲಿನಿಂದ ಹಳೇ ಲೆಕ್ಕ ಹೊಡೆದು ಹೊಸದು ಬರೆದ. ಐದನೇ ಸುತ್ತಾದ ಮೇಲೆ ಚೀಟಿ ನೋಡಿ, ಇದ್ದಲ್ಲೇ, ಬಿಸಿ ಮಣ್ಣಿನ ಮೇಲೆ ಧೊಪ್ಪನೆ ಕೂತುಬಿಟ್ಟ.

ಊರು ಕೇಕೆ ಹಾಕಿತು. ಮರಿಬಸಪ್ಪ ಅತ್ತುಬಿಟ್ಟ. ನಾನು ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಇಷ್ಟೇನಾ ಲೂಪು?" ಎಂದಳು ಅಕ್ಕನಾಗಮ್ಮ, ಮೋಸ ಹೋದವರ ಹಾಗೆ. "ಇದನ್ನ ನಮ್ಮ ಗಾಣದೆತ್ತು ದಿನಾ ಹಾಕತೈತಿ."

ದೊಡ್ಡಬಸಪ್ಪನವರು ಒಂದೇ ಷರತ್ತು ಹಾಕಿದರು: ಇನ್ನು ಮೇಲೆ ಕಾರ್ಡಿನಲ್ಲಿ ಆ ಶಬ್ದ ಬರಕೂಡದು. ಸುತ್ತು ಎಂದು ಬರೆಯಬೇಕು. ಮರಿಬಸಪ್ಪ ಒಪ್ಪಿದ. ಐದನೇ ಸಲ ಹೈದರಾಬಾದಿಗೆ ಹೋದ ಪ್ರೋಗ್ರಾಂ ನಿಂತಿತು. ಮುಂದಿನ ತಿಂಗಳೇ ಮದುವೆಯಾಯಿತು.

ಆಮೇಲಿನ ವರ್ಷಗಳು ನನಗೆ ಒಂದು ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಾಗುತ್ತವೆ. ಮರಿಬಸಪ್ಪ ಒಂದಾದ ಮೇಲೆ ಒಂದು ಪಾಠ ಮುಗಿಸಿದ, ಪಾಠಗಳು ಮುಗಿದ ಮೇಲೂ ಬರೆದ. ಹಾಳೆಗಳು ಅಟ್ಟ ತುಂಬಿದವು, ಮಕ್ಕಳು ಅಂಗಳ ತುಂಬಿದರು. ಬರೆದದ್ದನ್ನು ಸುವರ್ಣಮ್ಮ ಸಂಜೆ ಅಂಗಳದಲ್ಲಿ ನಡೆದು ನೋಡುತ್ತಿದ್ದಳು, ಒಂದೊಂದು ಸಾಲಿಗೆ ಒಂದೊಂದು ಹೆಜ್ಜೆ. ಎಲ್ಲಿ ಅವಳ ಕಾಲು ತಡವರಿಸುತ್ತಿತ್ತೋ ಅಲ್ಲಿ ತಪ್ಪಿರುತ್ತಿತ್ತು. ಮೊದಲು ಒಂದು ಸಂಜೆಗೆ ಹತ್ತು ತಪ್ಪು, ಕೆಲವು ವರ್ಷದ ಮೇಲೆ ಮೂರು, ಆಮೇಲೆ ವಾರಕ್ಕೊಂದು. ಕೊನೆಕೊನೆಗೆ ಅವಳು ತಡವರಿಸಲಿ ಎಂದು ಅವನೇ ಬೇಕೆಂದು ತಪ್ಪು ಮಾಡುತ್ತಿದ್ದ ಎಂದು ನನಗೆ ಗುಮಾನಿ. ಇಷ್ಟಾದರೂ ಇಬ್ಬರೂ ಕಂಪ್ಯೂಟರ್ ನೋಡಿರಲಿಲ್ಲ.

ಎಂಬತ್ತೆಂಟರಲ್ಲಿ ಬಳ್ಳಾರಿಯ ಆಫೀಸಿಗೆ ಕಂಪ್ಯೂಟರ್ ಬಂತು. ಸುತ್ತಮುತ್ತ ಅದಕ್ಕೆ ಬರೆಯಬಲ್ಲವನು ಇವನೊಬ್ಬನೇ ಎಂದು ಹೇಳಿಕಳಿಸಿದರು. ನಾನೂ ಹೋದೆ. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅದರ ಮುಂದೆ ಕೈ ಕಟ್ಟಿ ನಿಂತ. ಬೆಂಗಳೂರಿನಿಂದ ಬಂದ ಅಧಿಕಾರಿ ಕೇಳಿದರು:

"ಎಷ್ಟು ವರ್ಷದ ಅನುಭವ?"

"ಹನ್ನೆರಡು ವರ್ಷ್ರಿ."

"ಯಾವ ಮಷೀನಿನ ಮೇಲೆ?"

"ಮಷೀನ್ ಮ್ಯಾಲ ಅಲ್ರೀ. ಬೇವಿನ ಗಿಡದ ಸುತ್ತ."

ಅಧಿಕಾರಿಗೆ ಅರ್ಥವಾಗಲಿಲ್ಲ. ಮರಿಬಸಪ್ಪ ಮೆಲ್ಲಗೆ ಅದರ ಮೇಲೆ ಅಂಗೈ ಇಟ್ಟ. "ಬೆಚ್ಚಗದಾರಲೇ ಕೊಟ್ಟೂರ" ಎಂದ, ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ಹಿರಿಯರನ್ನು ಕಂಡವನ ಹಾಗೆ. ಆಮೇಲೆ ಕೂತು ಒಂದು ವಾರ ಬರೆದ. ವಾರದ ಕೊನೆಯ ದಿನ ಸರತಿಯ ಪಟ್ಟಿ ಕರ್ ಕರ್ ಎಂದು ಹೊರಗೆ ಬಂತು. ಒಂದೊಂದೇ ಊರು, ಒಂದೊಂದೇ ದಿನ. ಎಲ್ಲದಕ್ಕಿಂತ ಕೆಳಗೆ ಹಚ್ಚೊಳ್ಳಿ. ಅದರ ಮುಂದೆ ತಾರೀಖು. ಅಲ್ಲಿಗೆ ನಿಂತಿತು. ನಾನು ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಇಷ್ಟು ವರ್ಷ ಆ ಹೆಸರು ಬಿಟ್ಟವನು ನಾನೇ ತಾನೆ.

ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋದೆವು. ಸುವರ್ಣಮ್ಮನಿಗೆ ಅಂದು ಬೆಳಿಗ್ಗೆ ಹೆರಿಗೆಯಾಗಿತ್ತು.

"ನಿಂತಿತೇನ್ರಿ?" ಎಂದಳು, ಮಗುವನ್ನು ತೋರಿಸುವ ಮೊದಲು.

"ನಿಂತಿತು."

"ಎಣಸಾದು ಬರದೀರೇನ್ರಿ?"

"ಮೊದಲ ಅದನ್ನ ಬರದೆ."

ಅವಳು ನಕ್ಕಳು. ಮರಿಬಸಪ್ಪ ನನ್ನ ಕಡೆ ಕೈ ಚಾಚಿದ. ನನ್ನ ಜೇಬಿನಲ್ಲಿ ಆವತ್ತೂ ಇದ್ದದ್ದು ಕಾರ್ಡು. ಷರತ್ತು ಮೀರದೆ, ಬಹಳ ಎಚ್ಚರದಿಂದ ಬರೆದ: "ಪೂಜ್ಯ ಮಾವನವರಿಗೆ ಶರಣಾರ್ಥಿ. ಲೆಕ್ಕಕ್ಕೆ ಒಂದು ಕೂಡಿತು. ತಾಯಿ ಮಗು ಕ್ಷೇಮ."

ಅಂಜಿನಪ್ಪ ಅದೇ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದನಂತೆ. ಈ ಸಲ ಬೀದಿಯಲ್ಲಿ ಯಾರೂ ತಪ್ಪು ತಿಳಿಯಲಿಲ್ಲ. ಅಕ್ಕನಾಗಮ್ಮ ಮಾತ್ರ ಕಿವಿಗೆ ಕೈ ಹಚ್ಚಿ ಕೇಳಿದಳು.

"ಈಗ ಮಕ್ಕಳು ಎಷ್ಟಾದುವು?"

"ಐದಮ್ಮಾ."

ಅವಳು ಅಂಗಳದ ಬೇವಿನ ಗಿಡದ ಕಡೆ ಕೋಲು ತೋರಿಸಿ ಹೇಳಿದಳು:

"ಹಂಗಾರ ಕಾರ್ಡು ಬರಿಯಪಾ ಅವಗ. ಲೆಕ್ಕ ಐದಾತು, ಇನ್ನ ಕುಂದ್ರು ಅಂತ ಬರಿ."